ಸೈಪ್ರಸ್ಸಿನ ಕರಿಹಲಗೆಯ ಮೇಲೆ ಭೀಮವ್ವನ ಮನೆತನ

ಹಲಸೂರು

ಸೈಪ್ರಸ್ ಎಂಬ ದೇಶ ಎಲ್ಲಿದೆ ಎಂದು ಹಲಸೂರಿನ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳ ಶಾಲೆಯ ಅಟ್ಲಾಸ್ ತೆಗೆದು ಯಜಮಾನರು ಹುಡುಕಿದರು. ಟರ್ಕಿಯ ಕೆಳಗೆ ನೀಲಿ ಸಮುದ್ರದಲ್ಲಿ ಸಿಕ್ಕಿತು. ಅವರು ಹೆಬ್ಬೆರಳು ಇಟ್ಟು ತೋರಿಸಿದರು, ಬೆರಳಿನಡಿ ಇಡೀ ದೇಶವೇ ಮುಚ್ಚಿಹೋಯಿತು. ಬೆಂಗಳೂರಿನಲ್ಲಿ ಇಲ್ಲದ ಆಸ್ಪತ್ರೆ ಅಲ್ಲಿದೆಯೇ, ಇಷ್ಟು ಚಿಕ್ಕ ಊರಿಗೆ ಹೋಗಿ ಕಲಿಯುವುದೇನಿದೆ ಎಂದು ಅವರ ಅನುಮಾನ. ನನಗೂ ಅದೇ ಅನುಮಾನವಿತ್ತು. ಆದರೆ ಗಂಡನ ಎದುರು ಅದನ್ನು ಒಪ್ಪಿಕೊಳ್ಳುವುದುಂಟೆ?

ನಾನು ಕಂಟೋನ್ಮೆಂಟಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸ್. ನಮ್ಮಲ್ಲಿ ಬುಧವಾರ ರಕ್ತದ ದಿನ. ಅಂದು ಥಲಸ್ಸೀಮಿಯಾ ಇರುವ ಮಕ್ಕಳು ಬರುತ್ತಾರೆ. ಅವರ ಮೈಯಲ್ಲಿ ಒಳ್ಳೆಯ ರಕ್ತ ತಾನಾಗಿ ತಯಾರಾಗುವುದಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕುತ್ತಲೇ ಇರಬೇಕು, ಬದುಕಿರುವವರೆಗೂ. ಬೆಳಿಗ್ಗೆ ಸುಣ್ಣದಂತೆ ಬಿಳಿಚಿಕೊಂಡು ತಾಯಿಯ ಹೆಗಲ ಮೇಲೆ ಬರುವ ಮಕ್ಕಳು ಸಂಜೆ ವಾರ್ಡಿನ ತುಂಬ ಓಡಾಡಿ, ನಮ್ಮಿಂದ ಬೈಸಿಕೊಂಡು ಮನೆಗೆ ಹೋಗುತ್ತವೆ. ಹಾಗೆ ಬೈಯುವಾಗ ಸಿಗುವ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಆ ಮಕ್ಕಳಲ್ಲಿ ಗಂಗಾ ಒಬ್ಬಳು, ನಾಲ್ಕು ವರ್ಷದವಳು. ಸೇಡಂ ಕಡೆಯಿಂದ ಬಂದು ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದ ಕುಟುಂಬ. ಅಪ್ಪ ಶರಣಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಅಮ್ಮ ರೇಣುಕಾ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಜೊತೆಗೆ ಶರಣಪ್ಪನ ತಾಯಿ ಭೀಮವ್ವ. ಭೀಮವ್ವನ ಹಿರಿಮಗಳ ಮಗಳೇ ರೇಣುಕಾ. ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಹೀಗಾಗಿ ಭೀಮವ್ವ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಅಜ್ಜಿಗೆ ಆ ಕಡೆ ಆಯಿ ಎನ್ನುತ್ತಾರೆ. ಮದುವೆಯಾದ ಮೇಲೂ ರೇಣುಕಾ ಆಯಿ ಎಂದೇ ಕರೆಯುತ್ತಿದ್ದಳು.

ಕರೆಯುವುದು ಆಯಿ ಎಂದಾದರೂ ಅನ್ನಿಸಿಕೊಳ್ಳುವುದು ಅತ್ತೆಯಿಂದಲೇ. ಮಗುವಿನ ಕಾಯಿಲೆಗೆ ರೇಣುಕಾಳ ತಂದೆಯ ಕಡೆಯವರ ರಕ್ತವೇ ಕಾರಣ ಎಂದು ಭೀಮವ್ವ ತೀರ್ಮಾನಿಸಿಬಿಟ್ಟಿದ್ದಳು. "ನನ್ನ ಮಗನ ಮೈ ನೋಡ್ರಿ ಸಿಸ್ಟರವ್ವಾ, ಕಲ್ಲು ಇದ್ದಂಗ ಅದಾನ" ಎಂದು ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ದೀಪಾವಳಿಗೆ ಊರಿಗೆ ಹೋದಾಗ ಮಗನಿಗೆ ಬೇರೆ ಹೆಣ್ಣು ಗೊತ್ತುಮಾಡಿ, ರೇಣುಕಾಳನ್ನೂ ಮಗುವನ್ನೂ ತವರಿಗೆ ಬಿಡುವುದೆಂದು ಮಾತಾಗಿತ್ತು. ಒಂದು ಬುಧವಾರ ನಾನು ರಕ್ತದ ಚೀಲ ತೂಗುಹಾಕುತ್ತಿದ್ದಾಗ ರೇಣುಕಾ ಇದನ್ನೆಲ್ಲ ಹೇಳಿದಳು. ತನ್ನ ಬಗ್ಗೆ ಅವಳು ಅಳಲಿಲ್ಲ. ಕೇಳಿದ್ದು ಒಂದೇ ಮಾತು: "ಅಲ್ಲಿ ಹೋದ್ರ ಇಕಿಗಿ ರಕ್ತ ಯಾರ ಹಾಕ್ತಾರ್ರಿ?"

ಈ ಕಾಯಿಲೆ ಒಬ್ಬರಿಂದ ಬರುವುದಲ್ಲ ಎಂದು ನನಗೆ ಗೊತ್ತಿತ್ತು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ನಮ್ಮಲ್ಲಿ ಪರೀಕ್ಷೆ ಮಾಡಿಸಿಯೂ ಆಗಿತ್ತು. ಇಬ್ಬರಲ್ಲೂ ಈ ಕಾಯಿಲೆ ತರುವ ಜೀನು ಒಂದೊಂದಿತ್ತು. ಡಾಕ್ಟರು ಅದನ್ನು ಶರಣಪ್ಪನಿಗೆ ಒಂದು ಸಲ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದರು, ಅವನು ಹೂಂ ಎಂದು ತಲೆಯಾಡಿಸಿದ್ದ. ಅಲ್ಲಿಗೆ ಮುಗಿಯಿತು. ನಮ್ಮ ವಾರ್ಡಿನಲ್ಲಿ ಒಂದು ಮಾತಿತ್ತು: ಸೂಜಿ ನರ್ಸಿನದು, ಸುದ್ದಿ ಡಾಕ್ಟರದು. ಜೀನು ಗೀನು ನಮ್ಮ ಕೆಲಸವಲ್ಲ ಎಂದು ನಾವೆಲ್ಲ ನಿಶ್ಚಿಂತೆಯಾಗಿದ್ದೆವು.

ಮನುಷ್ಯನ ಜೀನುಗಳ ನಕ್ಷೆ ಸಿದ್ಧವಾಯಿತೆಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ನಮ್ಮ ದೊಡ್ಡ ಡಾಕ್ಟರು ಒಂದು ದಿನ ನರ್ಸ್‌ಗಳನ್ನೆಲ್ಲ ಕರೆದು, ನಕ್ಷೆ ಯಾರೋ ಬರೆದರು, ಆದರೆ ಮಂಚದ ಪಕ್ಕ ನಿಂತು ಅದನ್ನು ಓದಿ ಹೇಳುವವರು ನೀವೇ ಎಂದರು. ಸೈಪ್ರಸ್ಸಿನಲ್ಲಿ ನರ್ಸ್‌ಗಳಿಗಾಗಿಯೇ ಒಂದು ಸಣ್ಣ ತರಬೇತಿ ಇದೆ, ಒಬ್ಬರನ್ನು ಕಳಿಸಬಹುದು, ಯಾರ ಬಳಿ ಪಾಸ್‌ಪೋರ್ಟ್ ಇದೆ ಎಂದು ಕೇಳಿದರು. ಹಿಂದೊಮ್ಮೆ ಕುವೈತಿಗೆ ಹೋಗುವ ಆಸೆಯಿಂದ ಮಾಡಿಸಿ, ಅಲ್ಲಿ ಯುದ್ಧವಾದ ಮೇಲೂ ಆಸೆ ಬಿಡದೆ ನವೀಕರಿಸಿ ಪೆಟ್ಟಿಗೆಯಲ್ಲಿಟ್ಟಿದ್ದ ಪಾಸ್‌ಪೋರ್ಟ್ ನನ್ನ ಬಳಿ ಇತ್ತು. ನನ್ನ ವಿದ್ಯೆ, ಅನುಭವ ಎಲ್ಲ ಆಮೇಲಿನ ಮಾತು; ನಾನು ಆಯ್ಕೆಯಾದದ್ದು ಹೀಗೆ.

ಮನೆಯಿಂದ ವಿಮಾನ ನಿಲ್ದಾಣಕ್ಕೆ ಆಟೋದಲ್ಲಿ ಹೋದೆವು. ಆಗ ನಿಲ್ದಾಣ ನಮ್ಮ ಏರ್‌ಪೋರ್ಟ್ ರಸ್ತೆಯಲ್ಲೇ ಇತ್ತಲ್ಲ. ಯಾರನ್ನು ಕಳಿಸೋಕೆ ಹೋಗ್ತಿದ್ದೀರಿ ಎಂದು ಆಟೋದವನು ಯಜಮಾನರನ್ನು ಕೇಳಿದ. ಅವರು ನನ್ನತ್ತ ಕೈ ತೋರಿಸಿದರು. ಅವನು ಕನ್ನಡಿಯಲ್ಲಿ ನನ್ನನ್ನು ಎರಡು ಸಲ ನೋಡಿದ.

ಲಾರ್ನಕಾ

ಮುಂಬಯಿಯಲ್ಲೊಮ್ಮೆ ಇಳಿದು, ಕೊಲ್ಲಿ ದೇಶದಲ್ಲೊಮ್ಮೆ ಇಳಿದು ಸೈಪ್ರಸ್ಸಿನ ಲಾರ್ನಕಾ ನಿಲ್ದಾಣ ತಲುಪಿದಾಗ ಮಧ್ಯಾಹ್ನ. ನನ್ನನ್ನು ಕರೆದೊಯ್ಯಲು ಆಂದ್ರೂಲಾ ಎಂಬ ನರ್ಸ್ ಬರುತ್ತಾಳೆಂದು ತಿಳಿಸಿದ್ದರು. ಹೊರಗೆ ಬಂದು ಒಂದು ಕಂಬಕ್ಕೆ ಒರಗಿ ನಿಂತೆ. ಬಂದವರೆಲ್ಲ ಹೋದರು, ನೆಲ ಒರೆಸುವವರೂ ಬಂದು ಹೋದರು, ಆಂದ್ರೂಲಾ ಬರಲಿಲ್ಲ. ಪರದೇಶದಲ್ಲಿ ಬಿಟ್ಟರಲ್ಲಪ್ಪಾ ಎಂದು ಒಳಗೊಳಗೇ ಅಳು ಬಂತು. ಸಿಟ್ಟೂ ಬಂತು. ನನಗೆ ಇವೆರಡೂ ಯಾವಾಗಲೂ ಒಟ್ಟಿಗೇ ಬರುವುದು.

ಕಾಲು ನೋವಾಗಿ ಕಂಬದ ಆ ಕಡೆಗೆ ಸರಿದರೆ, ಅಲ್ಲಿ ನನ್ನಷ್ಟೇ ವಯಸ್ಸಿನ ದಪ್ಪನೆಯ ಹೆಂಗಸೊಬ್ಬಳು ನನ್ನಷ್ಟೇ ಸಿಟ್ಟಿನಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ಹೆಸರಿನ ರಟ್ಟು. ಇಂಡಿಯಾದವಳೆಂದರೆ ಸೀರೆ ಉಟ್ಟಿರುತ್ತಾಳೆಂದು ಅವಳು ಸೀರೆಗಾಗಿ ಹುಡುಕಿದ್ದಳು. ವಿಮಾನ ಹತ್ತುವವಳು ಸೀರೆ ಉಡಬಾರದೆಂದು ಮಗಳು ನನಗೆ ಚೂಡಿದಾರ್ ಹಾಕಿಸಿ ಕಳಿಸಿದ್ದಳು. ನಾನೋ, ನರ್ಸ್ ಎಂದರೆ ಬಿಳಿ ಬಟ್ಟೆಯಲ್ಲಿ ಬರುತ್ತಾಳೆಂದು ಕಾದಿದ್ದೆ. ಅವಳು ಹೂವಿನ ಫ್ರಾಕು ತೊಟ್ಟಿದ್ದಳು. ನಾನು ನಮಸ್ಕಾರಕ್ಕೆಂದು ಕೈ ಜೋಡಿಸಿದೆ, ಅವಳು ಕೆನ್ನೆಗೆ ಮುತ್ತಿಡಲು ಬಾಗಿದಳು, ನನ್ನ ಬೆರಳುಗಳು ಹೋಗಿ ಅವಳ ಗದ್ದಕ್ಕೆ ತಾಗಿದವು. ಇಬ್ಬರೂ ನಕ್ಕೆವು. ಸ್ನೇಹವಾಗಲು ಅಷ್ಟು ಸಾಕಾಯಿತು.

ಕಾರು ರಸ್ತೆಯ ಎಡಕ್ಕೇ ಹೋಗುತ್ತಿತ್ತು, ನಮ್ಮ ಹಾಗೆ. ಆದರೆ ಹಾರನ್ ಶಬ್ದವೇ ಇಲ್ಲ. ಹಲಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಅಂಥ ರಸ್ತೆಯಲ್ಲಿ ಕಿವಿ ಕೆಟ್ಟಿತೇನೋ ಎಂದು ಭಯವಾಗುತ್ತದೆ.

ನಿಕೋಸಿಯಾ

ತರಬೇತಿ ಇದ್ದದ್ದು ಈ ರಾಜಧಾನಿಯ ಆಸ್ಪತ್ರೆಯಲ್ಲಿ. ಮೊದಲ ದಿನ ಬೆಳಿಗ್ಗೆ ಕಾಫಿ ಕೊಟ್ಟರು. ಆಟದ ಸಾಮಾನಿನಷ್ಟು ಸಣ್ಣ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು. ನಮ್ಮ ಮನೆಗಳಲ್ಲಿ ಕಾಫಿ ಉಳಿಸಿದರೆ ಕೊಟ್ಟವರಿಗೆ ಬೇಜಾರು. ಆ ಮರ್ಯಾದೆಯಿಂದ ಕೊನೆಯ ಗುಟುಕನ್ನೂ ಎತ್ತಿ ಕುಡಿದೆ. ಬಾಯಿ ತುಂಬ ಚರಟ! ಅವರು ಪುಡಿಯನ್ನು ಸೋಸುವುದಿಲ್ಲ, ಅದು ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಹಲ್ಲೆಲ್ಲ ಕಪ್ಪಾಗಿ ಕೂತಿದ್ದ ನನ್ನ ಕಡೆ ಆಂದ್ರೂಲಾ ಮಾತಾಡದೆ ನೀರಿನ ಲೋಟ ಸರಿಸಿದಳು. ಮರುದಿನದಿಂದ ನಾನು ಕಪ್ಪು ಹಿಡಿದಾಗಲೆಲ್ಲ ಎಲ್ಲಿ ನಿಲ್ಲಿಸಬೇಕೆಂದು ಬೆರಳೆತ್ತಿ ಎಚ್ಚರಿಸುತ್ತಿದ್ದಳು.

ಬುಧವಾರ, ಶುಕ್ರವಾರ ಅಲ್ಲಿಯ ವಯಸ್ಸಾದವರು ಮಾಂಸ ಮುಟ್ಟುವುದಿಲ್ಲ. ಅಂದು ಅಲಸಂದೆ ಕಾಳು ಬೇಯಿಸಿ, ಎಣ್ಣೆ ಹಾಕಿ, ನಿಂಬೆಹಣ್ಣು ಹಿಂಡಿ ತಿನ್ನುತ್ತಾರೆ. ಒಗ್ಗರಣೆ ಇಲ್ಲವೆನ್ನುವುದೊಂದು ಬಿಟ್ಟರೆ ನಮ್ಮ ಉಸಲಿಯೇ. ಸಂಜೆ ಹೆಂಗಸರು ಬಾಗಿಲಲ್ಲಿ ಕೂತು ಮಲ್ಲಿಗೆ ಮೊಗ್ಗು ಪೋಣಿಸುತ್ತಾರೆ. ಮುಡಿಯುವುದಿಲ್ಲ, ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ. ನಾನು ಮುಡಿದುಕೊಂಡು ಬೀದಿಗಿಳಿದಾಗ ಎಲ್ಲರೂ ತಿರುಗಿ ನೋಡಿದರು. ಆಂದ್ರೂಲಾ ತನಗೂ ಮುಡಿಸು ಎಂದಳು. ಗಂಡಸರ ಹಾಗೆ ಕತ್ತರಿಸಿದ್ದ ಆ ಕೂದಲಿಗೆ ಹೂವು ಎಲ್ಲಿಗೆ ಸಿಕ್ಕಿಸುವುದು? ಕೊನೆಗೆ ಕಿವಿಗೆ ಸುತ್ತಿದೆ. ದಿನವಿಡೀ ಹಾಗೆಯೇ ಓಡಾಡಿದಳು, ಪುಣ್ಯಾತ್ಗಿತ್ತಿ.

ಆ ಊರಿನ ಮಧ್ಯೆ ಒಂದು ಬೀದಿ ಇದ್ದಕ್ಕಿದ್ದಂತೆ ಡ್ರಮ್ಮುಗಳ ಗೋಡೆಗೆ ಬಂದು ನಿಂತುಬಿಡುತ್ತದೆ. ಈ ಕಡೆ ಗ್ರೀಕರು, ಆ ಕಡೆ ತುರ್ಕರು, ಮಧ್ಯೆ ಸೈನಿಕರು. ಎರಡೂ ಕಡೆಯ ಮಕ್ಕಳಿಗೆ ಇದೇ ಕಾಯಿಲೆ ಬರುತ್ತದೆ ಎಂದು ಆಂದ್ರೂಲಾ ಹೇಳಿದಳು.

ನಮ್ಮಲ್ಲಿ ಮದುವೆಗೆ ಮೊದಲು ಜಾತಕ ನೋಡುವ ಹಾಗೆ ಅಲ್ಲಿ ರಕ್ತ ನೋಡುತ್ತಾರೆ. ಹುಡುಗ ಹುಡುಗಿ ಇಬ್ಬರೂ ಪರೀಕ್ಷೆ ಮಾಡಿಸಿ ಚೀಟಿ ತಂದರೇನೇ ಚರ್ಚಿನ ಪಾದ್ರಿಗಳು ಮದುವೆ ಮಾಡಿಸುವುದು. ಆ ಚೀಟಿಗೆ ಬರುವ ಜೋಡಿಗಳಿಗೆ ಸುದ್ದಿ ಹೇಳುವುದು ಆಂದ್ರೂಲಾಳ ಕೆಲಸ. ಡಾಕ್ಟರದಲ್ಲ, ನರ್ಸಿನದು. ಅವಳು ಹೇಳುವ ಕ್ರಮವನ್ನು ನಾನು ಮೂಲೆಯಲ್ಲಿ ಕೂತು ನೋಡಿದೆ. ಬಾಗಿಲು ಹಾಕುತ್ತಾಳೆ. ಮೊದಲು ಕಾಫಿ ತರಿಸುತ್ತಾಳೆ. ಮೇಜಿನ ಹಿಂದೆ ಕೂರದೆ ಅವರ ಪಕ್ಕದಲ್ಲೇ ಕೂರುತ್ತಾಳೆ. ಒಬ್ಬರಿಗೆ ಎಂದೂ ಹೇಳುವುದಿಲ್ಲ, ಹೇಳಿದರೆ ಇಬ್ಬರಿಗೂ ಒಟ್ಟಿಗೇ. ನಮ್ಮ ವಾರ್ಡಿನಲ್ಲಿ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಕೂಗಿ ಹೇಳುವ ನನಗೆ ಅದನ್ನು ನೋಡಿ ನಾಚಿಕೆಯಾಯಿತು.

ಒಂದು ದಿನ ಬಂದ ಜೋಡಿಯಲ್ಲಿ ಇಬ್ಬರಲ್ಲೂ ಆ ಜೀನು ಇತ್ತು. ಹುಡುಗಿ ಅತ್ತಳು, ಹುಡುಗ ಏನೇನೋ ಕೇಳಿದ, ಆಮೇಲೆ ಇಬ್ಬರೂ ಕೈ ಹಿಡಿದುಕೊಂಡೇ ಹೊರಟುಹೋದರು. ಮದುವೆ ಮುರಿಯಿತೇ ಎಂದು ನಾನು ಕೇಳಿದ್ದಕ್ಕೆ ಆಂದ್ರೂಲಾ ನಕ್ಕಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಯಾಕೆ ಮುರಿಯುತ್ತೆ? ಹೆಚ್ಚಿನವರು ಮದುವೆ ಆಗೇ ಆಗ್ತಾರೆ. ಚೀಟಿ ಇರೋದು ತಡೆಯೋಕಲ್ಲ, ಗೊತ್ತಿದ್ದು ಹೆಜ್ಜೆ ಇಡೋಕೆ."

ಕರಿಹಲಗೆ

ಎರಡನೆಯ ವಾರ, ಬೇರೆ ಬೇರೆ ದೇಶಗಳಿಂದ ತರಬೇತಿಗೆ ಬಂದಿದ್ದ ನಾವು ಪ್ರತಿಯೊಬ್ಬರೂ ತಮ್ಮ ವಾರ್ಡಿನ ಒಂದು ಕುಟುಂಬದ ವಂಶವೃಕ್ಷ ಬರೆಯಬೇಕಾಗಿತ್ತು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗೆರೆ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಕಪ್ಪು. ರಂಗೋಲಿ ಹಾಕಿ ಬೆಳೆದವಳಿಗೆ ಇದೇನು ಮಹಾ ಎಂದು ಸೀಮೆಸುಣ್ಣ ಹಿಡಿದು ಎದ್ದೆ. ಗಂಗಾಳ ಮನೆತನವನ್ನೇ ಬರೆದೆ.

ಕೆಳಗೆ ಗಂಗಾ. ಅವಳ ಮೇಲೆ ಶರಣಪ್ಪ, ರೇಣುಕಾ. ಶರಣಪ್ಪನ ಮೇಲೆ ಅವನ ತಾಯಿ ಭೀಮವ್ವ. ರೇಣುಕಾಳ ಮೇಲೆ ಅವಳ ತಾಯಿ, ಆ ತಾಯಿಯಿಂದ ಒಂದು ಗೆರೆ ಎಳೆದು ಮತ್ತೆ ಅದೇ ಭೀಮವ್ವನಿಗೆ ಸೇರಿಸಿದೆ. ಪಾಠ ಹೇಳುತ್ತಿದ್ದ ಆಂದ್ರೂಲಾ ಬಂದು ಪ್ರೀತಿಯಿಂದಲೇ ಆ ಗೆರೆ ಒರೆಸಿ, ಪಕ್ಕದಲ್ಲಿ ಇನ್ನೊಂದು ಸೊನ್ನೆ ಹಾಕಿಕೊಟ್ಟಳು. ನಾನು ಅವಳ ಸೊನ್ನೆ ಒರೆಸಿ ನನ್ನ ಗೆರೆ ಎಳೆದೆ. ಅವಳು ಮತ್ತೆ ಡಸ್ಟರ್ ತೆಗೆದುಕೊಂಡಳು. ಇವರು ಹೆಂಡತಿಯ ಅಜ್ಜಿ, ಅವರು ಗಂಡನ ತಾಯಿ, ಇಬ್ಬರು ಬೇರೆ ಬೇರೆ ಎಂದು ಚಿಕ್ಕಮಕ್ಕಳಿಗೆ ಹೇಳುವಂತೆ ಹೇಳಿದಳು.

"ಬೇರೆ ಅಲ್ಲ. ಒಬ್ಬಳೇ ಹೆಂಗಸು" ಎಂದೆ.

ಸೋದರಮಾವನ ಮದುವೆ ಎಂದರೇನೆಂದು ವಿವರಿಸಬೇಕಾಯಿತು. ಈಜಿಪ್ಟಿನಿಂದ ಬಂದಿದ್ದ ನರ್ಸ್ ತಮ್ಮಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಮದುವೆಯಾಗುತ್ತಾರೆ, ಆದರೆ ಮಾವನೇ ಎಂದರೆ ಅಬ್ಬಬ್ಬಾ ಎಂದು ಕೆನ್ನೆಗೆ ಕೈ ಇಟ್ಟಳು. ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣನಾಗುತ್ತಾನೆ, ಅದು ಕೇಳಿ ನಾನು ಅಬ್ಬಬ್ಬಾ ಎಂದು ಕೆನ್ನೆಗೆ ಕೈ ಇಟ್ಟೆ. ಒಬ್ಬರ ಊರಿನ ಸಂಭ್ರಮ ಇನ್ನೊಬ್ಬರ ಊರಿನ ಪಾಪ. ನನ್ನ ಸ್ವಂತ ಅಕ್ಕನನ್ನೂ ಸೋದರಮಾವನಿಗೇ ಕೊಟ್ಟಿದೆ, ಚೆನ್ನಾಗಿಯೇ ಇದ್ದಾಳೆ ಎಂದು ಸ್ವಲ್ಪ ಜೋರಾಗಿಯೇ ಹೇಳಿ ಕೂತೆ.

ಆಂದ್ರೂಲಾ ಮಾತ್ರ ಕೂರಲಿಲ್ಲ. ಹಲಗೆಯ ಮುಂದೆ ನಿಂತು, ಗಂಗಾಳಿಂದ ಅಪ್ಪನ ಕಡೆ ಬೆರಳಾಡಿಸುತ್ತ ಮೇಲೆ ಹೋದಳು. ಮತ್ತೆ ಕೆಳಗಿಳಿದು ಅಮ್ಮನ ಕಡೆಯಿಂದ ಮೇಲೆ ಹೋದಳು. ಎರಡು ಸಲವೂ ಬೆರಳು ಭೀಮವ್ವನ ಸೊನ್ನೆಯ ಬಳಿಯೇ ನಿಂತಿತು. ಬಹುಶಃ ಈ ಹೆಂಗಸಿನಿಂದಲೋ ಇವಳ ಗಂಡನಿಂದಲೋ ಎರಡೂ ಕಡೆಗೆ ಆ ಜೀನು ಬಂದಿದೆ, ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು ಎಂದಳು.

ನನಗಾದ ಖುಷಿ ಅಷ್ಟಿಷ್ಟಲ್ಲ. ಇಷ್ಟು ದಿನ ರೇಣುಕಾಳನ್ನು ಹುರಿದು ಮುಕ್ಕಿದ ಮುದುಕಿಗೆ ಉತ್ತರ ಸಿಕ್ಕಿತಲ್ಲ! ಮೊದಲ ವಿಮಾನ ಹಿಡಿದು ಹೋಗಿ ಅವಳ ಬಾಯಿ ಮುಚ್ಚಿಸುತ್ತೇನೆ ಎಂದು ಆಂದ್ರೂಲಾಗೆ ಇಡೀ ಕಥೆ ಹೇಳಿದೆ. ಅವಳು ನಗಲಿಲ್ಲ.

"ಒಬ್ಬಳ ತಲೆ ಮೇಲಿನ ಕಲ್ಲು ತೆಗೆದು ಇನ್ನೊಬ್ಬಳ ತಲೆ ಮೇಲೆ ಇಡ್ತೀಯ. ಅದಕ್ಕೆ ನರ್ಸ್ ಯಾಕೆ ಬೇಕು? ಆ ಕೆಲಸ ಅಕ್ಕಪಕ್ಕದವರೇ ಮಾಡ್ತಾರೆ."

ಸಂಜೆಯವರೆಗೂ ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳು ಹೇಳಿದ್ದು ಸರಿ ಎಂದು ಗೊತ್ತಾದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು.

ಜೌಗಿನ ಪಕ್ಕದ ಊರು

ಭಾನುವಾರ ಆಂದ್ರೂಲಾ ತನ್ನ ತಾಯಿಯ ಊರಿಗೆ ಕರೆದುಕೊಂಡು ಹೋದಳು. ಬಹುಶಃ ನನ್ನ ಮುನಿಸು ತೆಗೆಯಲು. ಸಮುದ್ರದ ಹತ್ತಿರ, ಹಿಂದೆ ಜೌಗು ನೆಲವಾಗಿದ್ದ ಕಡೆ ಒಂದು ಹಳ್ಳಿ. ತಾಯಿ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆಯಲ್ಲಿದ್ದರು. ಗಂಡ ಸತ್ತವರು ಅಲ್ಲಿ ಬಿಳಿಯಲ್ಲ, ಕಪ್ಪು ಉಡುತ್ತಾರೆ. ಬಾಗಿಲಲ್ಲೇ ನನ್ನ ಕೆನ್ನೆ ಹಿಡಿದುಕೊಂಡು ಏನೋ ಹೇಳಿದರು. ಇವಳು ಎಷ್ಟು ಸೊರಗಿದ್ದಾಳೆ, ಊಟ ಹಾಕ್ತಿಲ್ಲವಾ ನೀವು ಎಂದು ಮಗಳನ್ನು ಬೈದರಂತೆ. ನನ್ನನ್ನು ಸೊರಗಿದವಳು ಎಂದ ಲೋಕದ ಏಕೈಕ ವ್ಯಕ್ತಿ ಆಕೆ.

ಗೋಡೆಯ ಮೇಲೆ ಇಬ್ಬರು ಮಕ್ಕಳ ಮಾಸಿದ ಫೋಟೋ ಇತ್ತು. ಆಂದ್ರೂಲಾ ಹುಟ್ಟುವ ಮೊದಲೇ ಹೋದ ಅಣ್ಣ, ಅಕ್ಕ. ಆ ಕಾಲದಲ್ಲಿ ಕಾಯಿಲೆಗೆ ಹೆಸರಿರಲಿಲ್ಲ, ಮಕ್ಕಳು ಬಿಳಿಚಿಕೊಂಡು ಸಾಯುತ್ತಿದ್ದವು. ತಾಯಿಯ ಹಾಲು ಕೆಟ್ಟದ್ದು ಎಂದು ಊರೇ ಹೇಳುತ್ತಿತ್ತು. ಆಂದ್ರೂಲಾ ನರ್ಸಾಗಿ, ಪರೀಕ್ಷೆ ಬಂದು, ತಂದೆ ತಾಯಿ ಇಬ್ಬರಿಂದಲೂ ಬಂದದ್ದೆಂದು ಗೊತ್ತಾಗುವ ಹೊತ್ತಿಗೆ ತಂದೆ ತೀರಿಹೋಗಿದ್ದರು. ಸುದ್ದಿ ಕೇಳಿದ ತಾಯಿ ಸಮಾಧಾನಪಡಲಿಲ್ಲವಂತೆ. ಅಂದು ಹೇಳಿದ ಮಾತನ್ನು ನನಗೂ ಹೇಳಿದರು, ಮಗಳು ಇಂಗ್ಲಿಷಿಗೆ ತಿರುಗಿಸಿದಳು:

"ನನ್ನ ಗಂಡ ಸಾಯೋವರೆಗೂ ಅದು ನನ್ನಿಂದಲೇ ಅಂದುಕೊಂಡಿದ್ದ. ನಾನೂ ಹಾಗೇ ಅಂದುಕೊಂಡು ಅವನ ಮುಂದೆ ತಲೆ ತಗ್ಗಿಸಿಕೊಂಡೇ ಬಾಳಿದೆ. ನೀವು ಯಾಕೆ ಇಷ್ಟು ತಡವಾಗಿ ಬಂದಿರಿ?"

ನೀವು ಎಂದರೆ ನಾವು, ನರ್ಸ್‌ಗಳು. ಆಕೆ ನನ್ನ ಮುಖವನ್ನೇ ನೋಡಿ ಕೇಳಿದ್ದರಿಂದ ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಊಟವಾದ ಮೇಲೆ ಅಂಗಳದಲ್ಲಿ ಕೂತಾಗ ಆಂದ್ರೂಲಾ ಇನ್ನೊಂದು ಸಂಗತಿ ಹೇಳಿದಳು. ಅಲ್ಲೆಲ್ಲ ಹಿಂದೆ ಸೊಳ್ಳೆ ಜಾಸ್ತಿ, ಮಲೇರಿಯಾ ಜ್ವರಕ್ಕೆ ಊರೂರೇ ಖಾಲಿಯಾಗುತ್ತಿತ್ತು. ಆ ಜೀನು ಒಂದೇ ಒಂದು ಇದ್ದವರಿಗೆ ಕಾಯಿಲೆ ಬರುವುದಿಲ್ಲ, ಜೊತೆಗೆ ಮಲೇರಿಯಾ ಬಂದರೂ ಅವರು ಸಾಯುವುದು ಕಡಿಮೆ. ಅದಕ್ಕೇ ಜೌಗಿನ ಪಕ್ಕದ ಊರುಗಳಲ್ಲಿ ಉಳಿದುಕೊಂಡವರಲ್ಲಿ, ಅವರ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಅದು ಉಳಿದುಬಂತು. ನಮ್ಮ ಕಡೆಯೂ ಹಾಗೆಯೇ ಇರಬೇಕು ಎಂದಳು. ನಾನು ವಾರಗಟ್ಟಲೆ ಕಲಿತ ಪಾಠದಲ್ಲಿ ಊರಿಗೆ ಹೊತ್ತುಕೊಂಡು ಹೋಗಬೇಕೆನಿಸಿದ್ದು ಇದೊಂದನ್ನೇ.

ಕೆ.ಆರ್. ಪುರ

ಊರಿಗೆ ಬಂದಾಗ ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿತ್ತು. ವಾರ್ಡಿನಲ್ಲಿ ನನಗೆ ಸೈಪ್ರಸ್ ಸಿಸ್ಟರ್ ಎಂದು ಹೆಸರಾಯಿತು. ಸುದ್ದಿ ಹೇಳಲು ಒಂದು ಬಾಗಿಲಿರುವ ಕೋಣೆ ಬೇಕು ಎಂದು ಕೇಳಿದೆ. ಮೇಟ್ರನ್ ಬಟ್ಟೆ ಇಡುವ ಸ್ಟೋರ್ ರೂಮಿನಲ್ಲಿ ಎರಡು ಕುರ್ಚಿಗೆ ಜಾಗ ಕೊಟ್ಟು, ಕಾಫಿ ಮಾತ್ರ ನಿಮ್ಮ ಮನೆಯಿಂದ ತಂದುಕೊಳ್ಳಿ ಎಂದರು. ಆದರೆ ಭೀಮವ್ವನನ್ನು ಆ ಸ್ಟೋರ್ ರೂಮಿಗೆ ಕರೆಯಲು ಮನಸ್ಸಾಗಲಿಲ್ಲ. ಭಾನುವಾರ ಬಸ್ಸು ಹತ್ತಿ ನಾನೇ ಅವರ ಮನೆಗೆ ಹೋದೆ.

ಉದ್ದಕ್ಕೆ ಸಾಲು ಕೋಣೆಗಳು, ಹೊರಗೆ ಒಂದೇ ನಲ್ಲಿ. ಒಳಗೆ ಬತ್ತಿ ಸ್ಟೋವಿನ ಮೇಲೆ ಚಹಾ ಕುದಿಯುತ್ತಿತ್ತು. ಊರಿಗೆ ಹೊರಡುವ ಚೀಲಗಳನ್ನು ಆಗಲೇ ಕಟ್ಟಿಟ್ಟಿದ್ದರು. ಗಂಗಾ ನನ್ನನ್ನು ನೋಡಿದ್ದೇ ಸೂಜಿ ತಂದಿದ್ದೇನೆಂದು ಮಂಚದ ಕೆಳಗೆ ಹೋಗಿ ಕೂತಳು. ಶರಣಪ್ಪ, ರೇಣುಕಾ, ಭೀಮವ್ವ ಮೂವರೂ ಕೂರುವವರೆಗೆ, ಎಲ್ಲರೂ ಚಹಾ ಕುಡಿಯುವವರೆಗೆ ನಾನು ವಿಷಯ ತೆಗೆಯಲಿಲ್ಲ. ಒಂದು ಮಾತು ತಪ್ಪಿದರೂ ಒಬ್ಬಳಲ್ಲ ಒಬ್ಬಳ ಬಾಳು ಕೆಡುತ್ತದೆ.

ಸ್ಟೋವನ್ನೇ ತೋರಿಸಿ ಹೇಳಿದೆ. ಪ್ರತಿಯೊಬ್ಬರೊಳಗೂ ಎರಡು ಬತ್ತಿ ಇರುತ್ತದೆ, ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ಒಂದು ಸರಿ ಉರಿಯದಿದ್ದರೂ ಇನ್ನೊಂದರಲ್ಲಿ ಅಡುಗೆ ನಡೆಯುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಶರಣಪ್ಪನಿಗೂ ಹಾಗೆ ಒಂದು ಸರಿ ಇಲ್ಲ, ರೇಣುಕಾಗೂ ಒಂದು ಸರಿ ಇಲ್ಲ. ಮಗುವಿಗೆ ಇಬ್ಬರಿಂದಲೂ ಸರಿ ಇಲ್ಲದ್ದೇ ಹೋಯಿತು. ಯಾವುದು ಹೋಗಬೇಕೆಂದು ಯಾರೂ ಆರಿಸಿ ಕೊಟ್ಟದ್ದಲ್ಲ.

ಭೀಮವ್ವ ಬಾಗಿ ಸ್ಟೋವಿನ ಬತ್ತಿಗಳನ್ನು ನೋಡಿದಳು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದಳು. "ಹಂಗಾದ್ರ ನನ್ನ ಮಗನಿಗಿ ಎಲ್ಲಿಂದ ಬಂತು?"

"ನಿಮ್ಮಿಂದ ಇರಬಹುದು, ನಿಮ್ಮ ಯಜಮಾನರಿಂದ ಇರಬಹುದು ಅವ್ವಾ. ರೇಣುಕಾಗೂ ಅವರಮ್ಮನ ಕಡೆಯಿಂದ ಅದೇ ಬಂದಿರಬಹುದು. ಆದ್ರೆ ಒಂದು ಹೇಳ್ತೀನಿ ಕೇಳಿ. ಹಿಂದೆ ಚಳಿಜ್ವರ ಬರ್ತಿತ್ತಲ್ಲ, ಆವಾಗ ಹೀಗೆ ಒಂದು ಬತ್ತಿ ಸರಿ ಇಲ್ಲದವರೇ ಹೆಚ್ಚು ಬದುಕಿದ್ದು. ಇವತ್ತು ಮಗೂಗೆ ತೊಂದ್ರೆ ಕೊಡ್ತಿರೋದು ಅವತ್ತು ನಿಮ್ಮ ಮನೇನ ಕಾಪಾಡಿರಬೇಕು."

ತಾನು ಹುಟ್ಟಿದ ಮನೆಯ ಕಥೆಯನ್ನು ಆಗ ಅವಳೇ ಹೇಳತೊಡಗಿದಳು. ತಾಯಿ ಹೆತ್ತ ಮಕ್ಕಳಲ್ಲಿ ಹೆಚ್ಚಿನವರು ಜ್ವರದಲ್ಲಿ ನಡುಗುತ್ತ ನಡುಗುತ್ತ ಹೋದರಂತೆ. ಒಂದೇ ಕೌದಿಯಡಿ ಮಲಗಿದ್ದ ತಂಗಿ ಹೋದಳು, ತಾನು ಎದ್ದು ಕೂತೆ, ಯಾಕೆ ಉಳಿದೆನೆಂದು ಇವತ್ತಿಗೂ ತಿಳಿದಿಲ್ಲ ಎಂದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ನಾನು ಗೆದ್ದೆನೆಂದುಕೊಂಡೆ. ಆದರೆ ಜೀವನ ಕಂಡ ಹೆಂಗಸು ಅವಳು, ಅಷ್ಟಕ್ಕೇ ಬಿಡುವವಳಲ್ಲ.

"ಅದೆಲ್ಲಾ ಖರೇನೇ ಅದ ಸಿಸ್ಟರವ್ವಾ. ಬ್ಯಾರೆ ಹುಡುಗಿ ತಂದ್ರ ಅಕಿಗಿ ಚಂದನ ಕೂಸು ಹುಟ್ತದೋ ಇಲ್ಲೋ, ಅಷ್ಟು ಹೇಳ್ರಿ."

ರೇಣುಕಾ ಲೋಟಗಳನ್ನು ಎತ್ತುತ್ತಿದ್ದವಳು ಹಾಗೆಯೇ ನಿಂತಳು. ಶರಣಪ್ಪ ನೆಲ ನೋಡುತ್ತಿದ್ದ. ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಗೆಯ ತುದಿಗೂ ಬಂದಿತ್ತು. ಆದರೆ ಸುಳ್ಳು ಹೇಳಲು ಅಷ್ಟು ದೂರ ಹೋಗಿ ಬರಬೇಕಿತ್ತೇ?

"ಹುಟ್ಟಬಹುದು ಅವ್ವಾ. ಬೇರೆ ಮನೆತನದವಳಾದ್ರೆ ಹೆಚ್ಚಾಗಿ ಚೆನ್ನಾಗೇ ಹುಟ್ಟುತ್ತೆ. ರೇಣುಕಾನ ಬೇರೆ ಮನೆಗೆ ಕೊಟ್ಟಿದ್ರೆ ಅವಳಿಗೂ ಹಾಗೇ ಹುಟ್ಟೋದು."

ಈ ಎರಡನೆಯ ಮಾತು ಅವಳಿಗೆ ಎಂದೂ ಹೊಳೆದಿರಲಿಲ್ಲ. ರೇಣುಕಾಳನ್ನೇ ನೋಡುತ್ತ ಕೂತಳು. ಅಷ್ಟು ದಿನ ಸೊಸೆಯಾಗಿದ್ದವಳು ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಮತ್ತೆ ಮಗಳ ಮಗಳಾಗಿ ಕಂಡಿರಬೇಕು. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಹೇಳಿದಳು. "ಇಕಿ ತೊಟ್ಟಿಲದಾಗ ಇದ್ದಾಗೇ ನನ್ನ ಮಗನಿಗಿ ಅಂತ ಅಂದಾಕಿ ನಾನೇ. ಕೂಡಿಸಿದಾಕಿ ನಾನೇ, ಈಗ ಅಗಲಸಲಕ್ಕೂ ನಾನೇ ಬೇಕೇನು?"

ಮುಂದೆ ಇನ್ನೊಂದು ಮಗು ಬೇಕೆನಿಸಿದರೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಈ ಅಪಾಯವಿದೆ, ಬಸಿರಿನಲ್ಲೇ ಪರೀಕ್ಷೆ ಮಾಡಿಸಬಹುದು, ಮಾಡಿಸುವುದೂ ಬಿಡುವುದೂ ನೀವಿಬ್ಬರೂ ಕೂತು ಯೋಚಿಸುವ ಮಾತು ಎಂದು ಶರಣಪ್ಪ ರೇಣುಕಾರಿಗೆ ಹೇಳಿದೆ. ಶರಣಪ್ಪ ಈ ಸಲ ಬರೀ ಹೂಂ ಎನ್ನಲಿಲ್ಲ, ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡ. ನಾನು ಹೊರಡುವಾಗ ಭೀಮವ್ವ ಬಾಗಿಲವರೆಗೆ ಬಂದು, ತನ್ನ ರಕ್ತವನ್ನೂ ನೋಡಿ ಎಂದು ತೋಳು ಚಾಚಿದಳು. ಆಸ್ಪತ್ರೆಗೆ ಬನ್ನಿ ಎಂದೆ.

ಬಂದಳು. ಅವಳಲ್ಲೂ ಅದು ಇತ್ತು. ಸ್ಟೋರ್ ರೂಮಿನ ಬಾಗಿಲು ಹಾಕಿ, ಮನೆಯಿಂದ ಒಯ್ದಿದ್ದ ಕಾಫಿ ಕೊಟ್ಟು, ರೇಣುಕಾಳನ್ನು ಪಕ್ಕದಲ್ಲೇ ಕೂರಿಸಿ ಹೇಳಿದೆ. ಭೀಮವ್ವ ಕಾಫಿ ಮುಗಿಸಿ ಎದ್ದು ಹೋದಳು. ದೀಪಾವಳಿಗೆ ಎಲ್ಲರೂ ಊರಿಗೆ ಹೋದರು. ರೇಣುಕಾ, ಗಂಗಾ ಹಿಂದಿರುಗುತ್ತಾರೋ ಇಲ್ಲವೋ ಎಂದು ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಯಜಮಾನರು ಹೋಳಿಗೆ ತಟ್ಟೆ ಮುಂದಿಟ್ಟರೂ ಹಾಗೇ ಕೂತಿದ್ದೆ.

ಬುಧವಾರ ವಾರ್ಡಿಗೆ ಹೋದರೆ ಬೆಂಚಿನ ಮೇಲೆ ಮೂರು ತಲೆಮಾರೂ ಕೂತಿತ್ತು. ಗಂಗಾ ಈ ಸಲ ಅಜ್ಜಿಯ ಹೆಗಲ ಮೇಲಿದ್ದಳು. ಪಕ್ಕದಲ್ಲಿ ಅದೇ ಮೊದಲ ಸಲ ಮಗುವನ್ನು ಕರೆತಂದಿದ್ದ ಶಿವಾಜಿನಗರದ ತಾಯಿಯೊಬ್ಬಳು ಅಳುತ್ತಿದ್ದಳು. ಸ್ವಲ್ಪ ಸುಧಾರಿಸಿಕೊಂಡು, ನಿಮ್ಮ ಮಗೂಗೆ ಇದು ಯಾರ ಕಡೆಯಿಂದ ಬಂತು ಎಂದು ರೇಣುಕಾಳನ್ನು ಕೇಳಿದಳು. ರೇಣುಕಾ ಬಾಯಿ ತೆರೆಯುವ ಮೊದಲೇ ಭೀಮವ್ವ ವಾರ್ಡಿಗೆಲ್ಲ ಕೇಳುವ ತನ್ನ ಆ ದೊಡ್ಡ ದನಿಯಲ್ಲಿ ಹೇಳಿದಳು.

"ನಂದು, ತಂಗಿ. ಮಗನಿಗೂ ನಾನೇ ಕೊಟ್ಟೀನಿ, ಮೊಮ್ಮಗಳಿಗೂ ನಾನೇ ಕೊಟ್ಟೀನಿ. ಇಕಿದು ಏನೂ ತಪ್ಪಿಲ್ಲ."

ರೇಣುಕಾ ಅಜ್ಜಿಯ ಹೆಗಲಿನಿಂದ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದವಳು, ಮಗುವನ್ನೂ ಅಜ್ಜಿಯನ್ನೂ ಸೇರಿಸಿಯೇ ತಬ್ಬಿಕೊಂಡಳು.